ಕಲ್ಯಾಣದಲ್ಲಿ ಉಳಿದ ಅರ್ಧ ನೆಲ

ನಾನು ನೆಲದ ಕೆಲಸದವನು. ನಲವತ್ತು ವರ್ಷಕ್ಕೂ ಮೇಲೆ ಜನರ ಮನೆಯ ನೆಲ ಹಾಸಿದ್ದೇನೆ, ಉಜ್ಜಿದ್ದೇನೆ, ಬಿರುಕು ಬಿಟ್ಟರೆ ಹೋಗಿ ಬೈಸಿಕೊಂಡಿದ್ದೇನೆ. ಒಂದು ಮನೆಯೊಳಗೆ ಕಾಲಿಟ್ಟರೆ ಗೋಡೆಯ ಬಣ್ಣ, ಟಿ.ವಿ., ಸೋಫಾ ಯಾವುದೂ ನನ್ನ ಕಣ್ಣಿಗೆ ಬೀಳುವುದಿಲ್ಲ; ಮೊದಲು ನೆಲ ನೋಡುತ್ತೇನೆ. ಹಾಸಿದವನು ಅವಸರದವನೋ, ಸಮಾಧಾನದವನೋ, ಮಾಲೀಕನ ಕಣ್ಣು ತಪ್ಪಿಸಿ ಸಿಮೆಂಟು ಉಳಿಸಿದವನೋ, ಎಲ್ಲವನ್ನೂ ನೆಲ ಹೇಳುತ್ತದೆ. ಇದರಲ್ಲಿ ನಾನು ತಪ್ಪುವುದಿಲ್ಲ. ಜಂಬ ಅನ್ನುವುದಾದರೆ ಅನ್ನಿ, ನನಗೆ ಬೇಸರವಿಲ್ಲ.

ಹುಮನಾಬಾದಿನಲ್ಲಿ ನಮ್ಮ ಮನೆಗೆ ‘ಇಟಲಿಯವರ ಮನೆ’ ಅಂತಲೇ ಹೆಸರು. ಬಸ್ ಸ್ಟ್ಯಾಂಡಿನಲ್ಲಿ ಆಟೊ ಹತ್ತಿ “ಇಟಲಿಗಿ ಬಿಡ್ರಿ” ಅಂದರೆ ಸಾಕು, ಆಟೊದವನು ನಗದೆ ನಮ್ಮ ಓಣಿಗೆ ತಂದು ಬಿಡುತ್ತಾನೆ. ಹಾಗಂತ ಮನೆಯಲ್ಲಿ ಇಟಲಿಯದು ಅನ್ನುವಂಥದ್ದು ಏನೂ ಇರಲಿಲ್ಲ. ಜೋಳದ ರೊಟ್ಟಿ, ಅಗಸಿ ಹಿಂಡಿ ತಿನ್ನುತ್ತೇವೆ, ಮದುವೆ ಬಂದರೆ ಎಲ್ಲರ ಹಾಗೆ ಜಗಳವಾಡುತ್ತೇವೆ. ಇದ್ದದ್ದು ಎರಡೇ ಗುರುತು. ಒಂದು, ನನ್ನ ಸೋದರತ್ತೆಯ ಬೆಕ್ಕಿನ ಕಣ್ಣು. ಇನ್ನೊಂದು, ಈ ನೆಲದ ಕೆಲಸ.

ನಮ್ಮಜ್ಜ, ಅಂದರೆ ನನ್ನ ಅಪ್ಪನ ಅಪ್ಪ, ಇಟಲಿಯಿಂದ ಬಂದವನು. ಮುಂಬೈಯಲ್ಲಿ ಹಡಗು ಇಳಿದು, ಅಲ್ಲಿಂದ ಹೈದರಾಬಾದಿಗೆ ಬಂದು, ದೊಡ್ಡವರ ಮನೆಗಳಲ್ಲಿ ಮೊಜಾಯಿಕ್ ನೆಲ ಹಾಸುತ್ತಿದ್ದ. ಸಿಮೆಂಟಿನಲ್ಲಿ ಅಮೃತಶಿಲೆಯ ಚೂರು ಕಲಸಿ ಹಾಸಿ, ಗಟ್ಟಿಯಾದ ಮೇಲೆ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರುವ ನೆಲ ಅದು. ಕೆಳಗಿನ ಗಚ್ಚಿಗೆ ಒಳ್ಳೆಯ ಸುಣ್ಣ ಬೇಕೆಂದು ಹುಡುಕುತ್ತ ಹುಮನಾಬಾದಿನ ಒಂದು ಸುಣ್ಣದ ಭಟ್ಟಿಗೆ ಬಂದ. ಆ ಭಟ್ಟಿಯವರ ಮಗಳೇ ನನ್ನಜ್ಜಿ. “ಸುಣ್ಣ ಕೇಳಾಕ ಬಂದಾಂವ ಹೆಣ್ಣು ಕೇಳ್ಯಾನ” ಎಂದು ಊರು ನಕ್ಕಿತಂತೆ. ನಕ್ಕರೂ ಹೆಣ್ಣು ಕೊಟ್ಟರು. ಅವನು ಇಲ್ಲೇ ಮನೆ ಹಿಡಿದ, ಇಬ್ಬರು ಮಕ್ಕಳಾದರು.

ಮಹಾಯುದ್ಧದ ಕಾಲದಲ್ಲಿ ಅವನು ಕಲ್ಯಾಣಕ್ಕೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ, ಒಬ್ಬ ವ್ಯಾಪಾರಿಯ ಮನೆಯ ನೆಲ ಹಾಸಲು ಹೋದ. ತಿರುಗಿ ಬರಲಿಲ್ಲ. ಆಗ ನನ್ನಪ್ಪನಿಗೆ ಹತ್ತು ವರ್ಷ, ಅತ್ತೆ ಎರಡು ವರ್ಷದ ಕೂಸು. ಕಲ್ಯಾಣದಿಂದ ಸಂತೆಗೆ ಬಂದ ಯಾರೋ ಹೇಳಿದ ಸುದ್ದಿ ಇಷ್ಟೇ: ನೆಲ ಅರ್ಧಕ್ಕೆ ಬಿಟ್ಟು ಹೋಗಿದ್ದಾನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನಕ್ಕೆ ಅಷ್ಟೇ ಸಾಕಾಯಿತು. ಹಡಗು ಹತ್ತಿ ತನ್ನ ದೇಶಕ್ಕೆ ಓಡಿದ ಎಂದರು, ಅಲ್ಲಿ ಅವನಿಗೆ ಮೊದಲೇ ಹೆಂಡತಿ ಇದ್ದಳು ಎಂದರು. ಅಜ್ಜಿ ಕಲ್ಯಾಣಕ್ಕೆ ಹೋಗಿ ಒಂದು ಮಾತು ವಿಚಾರಿಸಬಹುದಿತ್ತು. “ಬಿಟ್ಟು ಹೋದಾಂವನ ಹಿಂದ ನಾ ಹೋಗಂಗಿಲ್ಲ” ಎಂದು ಕೂತಳಂತೆ. ಸುಣ್ಣದ ಭಟ್ಟಿಯವರ ಸಿಟ್ಟು ಅದು, ನೀರು ಹಾಕಿದರೆ ಇನ್ನಷ್ಟು ಕುದಿಯುತ್ತದೆ. ನನಗೂ ಸ್ವಲ್ಪ ಬಂದಿದೆ.

ನಮ್ಮ ಕಸಬಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಕಳ್ಳ ಅನ್ನಿ, ಕುಡುಕ ಅನ್ನಿ, ತಡೆದುಕೊಳ್ಳುತ್ತೇವೆ. ನೆಲ ಅರ್ಧಕ್ಕೆ ಬಿಟ್ಟವನು ಅನ್ನಬಾರದು. ಅಪ್ಪ ದೊಡ್ಡವನಾಗಿ ಅದೇ ಕೆಲಸ ಹಿಡಿದ, ಸುತ್ತಲ ಊರುಗಳಲ್ಲಿ ಹೆಸರು ಮಾಡಿದ. ಆದರೆ ಮನೆಗೊಂದು ಕಟ್ಟಳೆ ಹಾಕಿದ: ಮನ್ನಾಏಖೇಳ್ಳಿಗೆ ಹೋಗು, ಹುಲಸೂರಿಗೆ ಹೋಗು, ಬೇಕಾದರೆ ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗು, ಕಲ್ಯಾಣದ ಕೆಲಸ ಮಾತ್ರ ಹಿಡಿಯಬೇಡ. ಹುಲಸೂರಿನ ದಾರಿಯಲ್ಲಿ ಬಸ್ಸು ಕಲ್ಯಾಣದಲ್ಲಿ ನಿಂತರೆ ಅಪ್ಪ ಕೆಳಗಿಳಿದು ಒಂದು ಕಪ್ಪು ಚಹಾ ಕೂಡ ಕುಡಿಯುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತು ಎದುರಿನ ಸೀಟಿನ ಬೆನ್ನು ನೋಡುತ್ತಿದ್ದ. ಅವನು ತೀರಿಕೊಂಡ ಮೇಲೂ ನಾನು ಆ ಕಟ್ಟಳೆ ಮುರಿಯಲಿಲ್ಲ. ಯಾಕೆಂದು ಕೇಳಿದವರಿಗೆ “ನಮ್ಮ ಮನಿ ಪದ್ಧತಿ” ಎಂದು ಗತ್ತಿನಿಂದ ಹೇಳುತ್ತಿದ್ದೆ.

ಈ ಅವಮಾನವನ್ನು ನಿಜವಾಗಿ ಹೊತ್ತವಳು ಅತ್ತೆ. ಅಪ್ಪನಿಗೆ ಹತ್ತು ವರ್ಷದ ನೆನಪಾದರೂ ಇತ್ತು. ಅವಳಿಗೆ ತಂದೆಯಿಂದ ಕಣ್ಣಲ್ಲದೆ ಬೇರೇನೂ ಬರಲಿಲ್ಲ, ಆ ಕಣ್ಣನ್ನೇ ಊರು ಎತ್ತಿ ತೋರಿಸಿತು. ವರ ನೋಡಲು ಬಂದವರು “ತಂದಿ ಎಲ್ಲದಾರ?” ಎಂದು ಕೇಳುವರು, ಉತ್ತರ ಗೊತ್ತಿದ್ದೂ ಕೇಳುವರು. ಮನ್ನಾಏಖೇಳ್ಳಿಗೆ ಮದುವೆಯಾಗಿ ಹೋದಳು, ಗಂಡ ತೀರಿದ ಮೇಲೆ ನಮ್ಮಲ್ಲಿಗೆ ಬಂದಳು, ಮೂವತ್ತು ವರ್ಷದಿಂದ ನಮ್ಮ ಮನೆಯ ಯಜಮಾನಿ ಅವಳೇ. ಮಷಿನ್ ಬರುವ ಮೊದಲು ನೆಲ ಉಜ್ಜುತ್ತಿದ್ದವರು ಹೆಂಗಸರು. ಬಕೆಟ್ಟು ನೀರು ಪಕ್ಕಕ್ಕಿಟ್ಟುಕೊಂಡು, ಕಾಲು ಮಡಚಿ ಕೂತು, ಕೈಯಲ್ಲಿ ಉಜ್ಜುಗಲ್ಲು ಹಿಡಿದು ಇಡೀ ದಿನ ಉಜ್ಜಬೇಕು. ಅತ್ತೆ ಹೀಗೆ ಇಪ್ಪತ್ತು ವರ್ಷ ಉಜ್ಜಿದವಳು. ಎಂಬತ್ತೈದು ದಾಟಿದರೂ ಅವಳ ಅಂಗೈ ಒಮ್ಮೆ ತಾಕಿದರೆ ನನ್ನ ಕೆನ್ನೆ ಉರಿಯುತ್ತದೆ.

ಅವಳು ತನ್ನ ತಂದೆಯನ್ನು ಒಂದು ದಿನವೂ ‘ಅಪ್ಪ’ ಎಂದು ಕರೆದದ್ದನ್ನು ನಾನು ಕೇಳಿರಲಿಲ್ಲ. ‘ಆ ಮನಷ್ಯಾ’ ಎನ್ನುತ್ತಿದ್ದಳು. ಪಿತೃಪಕ್ಷದ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಎಡೆ ಬಡಿಸುವಾಗ ಅಜ್ಜಿಗೆ ಒಂದು, ನನ್ನ ಅಪ್ಪ ಅವ್ವನಿಗೆ ಒಂದೊಂದು, ಅವಳ ಗಂಡನಿಗೆ ಒಂದು ಬಾಳೆ ಎಲೆ ಹಾಕುವಳು. ಅಜ್ಜನಿಗೆ ಇಲ್ಲ. ಅವಳು ನಮ್ಮಲ್ಲಿಗೆ ಬಂದ ಹೊಸದರಲ್ಲಿ ಯಾಕೆಂದು ನಾನು ಕೇಳಿದ್ದೆ. “ಓಡಿ ಹೋದಾಂವಗ ಎಡಿ ಇಡಂಗಿಲ್ಲ” ಎಂದು ಹೇಳಿ ಅನ್ನದ ಚಮಚ ಜೋರಾಗಿ ಪಾತ್ರೆಗೆ ಬಡಿದಳು.

ಹೋದ ವರ್ಷ ನನ್ನ ಮಗಳಿಗೆ ಇಟಲಿಯ ಹುಚ್ಚು ಹಿಡಿಯಿತು. ಅವಳು ಇಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅಜ್ಜನ ಊರು ಹುಡುಕುತ್ತೇನೆ ಎಂದು ಮೊಬೈಲು ಹಿಡಿದು ಕೂತಳು. ನಮ್ಮ ಹತ್ತಿರ ಇದ್ದದ್ದು ಅವನ ಹೆಸರು ಮತ್ತು ಅಜ್ಜಿ ಹೇಳಿದ್ದ ಒಂದು ಮಾತು: ಅವನ ಊರಿನ ಹೊಳೆಯಲ್ಲಿ ನೀರಿಗಿಂತ ಕಲ್ಲೇ ಹೆಚ್ಚು. ನಾನು ನಕ್ಕೆ. ಆದರೆ ಮಗಳು ಎರಡು ವಾರದಲ್ಲಿ ಹಿಡಿದೇಬಿಟ್ಟಳು. ಇಟಲಿಯ ಈಶಾನ್ಯ ಮೂಲೆಯಲ್ಲಿ ಅಂಥ ಹೊಳೆ ಇದೆಯಂತೆ, ಹೊಳೆಗಲ್ಲು ಆರಿಸಿ ನೆಲ ಹಾಸುವುದೇ ಅದರ ದಂಡೆಯ ಹಳ್ಳಿಗಳವರ ಕಸಬು, ಅಲ್ಲಿಂದ ಜನ ದೇಶ ದೇಶಕ್ಕೆ ನೆಲ ಹಾಸಲು ಹೋದರಂತೆ.

ಇನ್ನೊಂದು ಸಂಗತಿ ಅವಳು ಓದಿ ಹೇಳಿದಾಗ ನಾನು ಕೂತಲ್ಲಿಂದ ಎದ್ದೆ. ನಮ್ಮಲ್ಲಿ ಯಾವ ನೆಲ ಮುಗಿದರೂ ಕೊನೆಯ ದಿನ ಒಂದು ಪೂಜೆ. ಬಾಗಿಲ ಬಳಿ ಕಾಯಿ ಒಡೆದು, ಕುಂಕುಮ ಹಚ್ಚಿ, ಆಡಿನ ಹಾಲು ಸುರಿದು ಬಟ್ಟೆಯಿಂದ ಇಡೀ ನೆಲಕ್ಕೆ ಒರೆಸುತ್ತೇವೆ. ಆಕಳ ಹಾಲಲ್ಲ, ಎಮ್ಮೆಯ ಹಾಲಲ್ಲ, ಆಡಿನದೇ ಬೇಕು. ಭೂಮಿತಾಯಿಗೆ ಕೊಡುವ ನೈವೇದ್ಯ ಎಂದು ಅಪ್ಪ ಹೇಳಿದ್ದ, ನಾನು ನಂಬಿದ್ದೆ, ಗಿರಾಕಿಗಳಿಗೂ ಭಕ್ತಿಯಿಂದ ಹೇಳುತ್ತಿದ್ದೆ. ಆ ಹಳ್ಳಿಗಳ ಕಡೆ ಹಿಂದಿನವರು ನೆಲದ ಸಣ್ಣ ತೂತು ಮುಚ್ಚಿ ಬಣ್ಣ ಎದ್ದು ಬರಲಿ ಎಂದು ಆಡಿನ ಹಾಲು ಒರೆಸುತ್ತಿದ್ದರಂತೆ! ಅಜ್ಜ ಮಾಡಿದ್ದು ಕೆಲಸ, ಅಜ್ಜಿ ಅದಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡಿದ್ದಾಳೆ. ಎಂಬತ್ತು ವರ್ಷ ನಾವು ಪಾಲಿಶಿಗೆ ಕಾಯಿ ಒಡೆದಿದ್ದೇವೆ. ನಾನೂ ಮಗಳೂ ಹೊಟ್ಟೆ ಹಿಡಿದು ನಕ್ಕೆವು. ಅತ್ತೆ ನಗಲಿಲ್ಲ.

ಮಗಳು ಅಲ್ಲಿನ ಹಳೆಯ ದಾಖಲೆ ನೋಡುವವರಿಗೆ ಪತ್ರ ಬರೆದಳು. ಮೊಬೈಲಿನಲ್ಲೇ ಅವರ ಭಾಷೆಗೆ ತಿರುಗಿಸಿ ಕಳಿಸಿದಳು, ಉತ್ತರವನ್ನು ಹಾಗೇ ಕನ್ನಡಕ್ಕೆ ತಿರುಗಿಸಿ ಓದಿದಳು. ಆ ಹೆಸರಿನವರು ಬಹಳ ಜನ, ಹುಟ್ಟಿದ ವರ್ಷ ಮತ್ತು ಹಳ್ಳಿ ತಿಳಿಸಿದರೆ ಹುಡುಕಬಹುದು, ಎಂದು ಮರ್ಯಾದೆಯಿಂದ ಬರೆದಿದ್ದರು. ಜೊತೆಗೆ ಮಗಳು ತಾನೇ ಓದಿ ತಿಳಿದದ್ದನ್ನೂ ಹೇಳಿದಳು: ಯುದ್ಧದಲ್ಲಿ ಇಟಲಿ ಬ್ರಿಟಿಷರ ವೈರಿ ಪಕ್ಷಕ್ಕೆ ಸೇರಿದಾಗ, ಈ ದೇಶದಲ್ಲಿದ್ದ ಇಟಲಿಯವರನ್ನು ಹಿಡಿದು ಒಯ್ದು ಬಂದೋಬಸ್ತಿನ ಕ್ಯಾಂಪುಗಳಲ್ಲಿ ಇಟ್ಟಿದ್ದರು.

ಅತ್ತೆ ಆಗ ಅಗಸಿ ಹುರಿಯುತ್ತಿದ್ದಳು. ಒಲೆ ಆರಿಸಿ ಹೊರಗೆ ಬಂದಳು.

“ಒಯ್ದಿದ್ರು ಅಂದಿ?”

“ಹೌದ್ ಆಯಿ, ಭಾಳ ಮಂದಿನ್ನ ಒಯ್ದಿದ್ರಂತ” ಎಂದಳು ಮಗಳು.

“ಹಂಗಾದ್ರ ಅಂವ ಹುಟ್ಟಿದ್ದು ಎಲ್ಲಿ ಅಂತ ಹುಡುಕೂದು ಬಿಡು. ಅದನ್ನ ತಗೊಂಡು ನಾ ಏನ್ ಮಾಡ್ಲಿ? ಆ ಮನಷ್ಯಾ ಕಲ್ಯಾಣದಾಗಿಂದ ಓಡಿ ಹೋದನೋ, ಅಂವಗ ಒಯ್ದರೋ, ಅಷ್ಟು ಹೇಳು. ಎಂಬತ್ತೈದು ವರ್ಷ ನಾ ಓಡಿ ಹೋದಾಂವನ ಮಗಳಾಗಿ ಬದುಕೀನಿ. ಸಾಯೂದರೊಳಗ ಖರೆ ತಿಳೀಬೇಕು ನನಗ.”

ನಮ್ಮಿಬ್ಬರ ನಗು ಅಲ್ಲಿಗೆ ನಿಂತಿತು. ಅಷ್ಟು ದಿನ ನನಗೆ ಅದೊಂದು ಮೋಜಿನ ಕತೆ, ಮಗಳಿಗೆ ಒಂದು ಪ್ರಾಜೆಕ್ಟು. ಅತ್ತೆಗೆ ಅದು ಹಾಗಲ್ಲ ಎಂದು ಅರವತ್ತು ದಾಟಿದ ನನಗೆ ಆ ದಿನ ಗೊತ್ತಾಯಿತು. ನಾಚಿಕೆಯಾಯಿತು.

ಮಗಳು ಇಟಲಿಗೆ, ದಿಲ್ಲಿಗೆ, ಇನ್ನೆಲ್ಲೆಲ್ಲಿಗೋ ಬರೆಯುತ್ತಲೇ ಇದ್ದಳು. ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ಕಲ್ಯಾಣಕ್ಕೆ ಹೋಗಿ ಕೇಳೋಣ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಆ ಗಾದೆಯನ್ನು ನಮ್ಮ ಮನೆಯವರನ್ನು ನೋಡಿಯೇ ಮಾಡಿರಬೇಕು. ಹೋಗಬಾರದು ಅನ್ನುವ ಕಟ್ಟಳೆ ನಮ್ಮ ತಲೆಯೊಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಆ ಊರು ನಮಗೆ ಇಟಲಿಗಿಂತ ದೂರವಾಗಿತ್ತು.

ಕಲ್ಯಾಣವೇ ನಮ್ಮನ್ನು ಕರೆಯಿತು. ಬೇಸಿಗೆಯ ಒಂದು ಮುಂಜಾನೆ ಫೋನು ಬಂತು. ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇಟ್ಟ ಒಬ್ಬ ಮುಸ್ಲಿಂ ಗೃಹಸ್ಥರು. ಹಳೆಯ ಮೊಜಾಯಿಕ್ ಕೆಲಸ ಬಲ್ಲವರು ಈಗ ನೀವೊಬ್ಬರೇ ಉಳಿದಿದ್ದೀರಿ ಎಂದು ಕೇಳಿದ್ದೇನೆ, ಮನೆಯ ಒಂದು ಖೋಲಿಯ ನೆಲ ಉಜ್ಜಿಕೊಡಬೇಕು ಎಂದರು.

“ಕಲ್ಯಾಣದ ಕೆಲಸ ನಾವು ಹಿಡಿಯಂಗಿಲ್ರಿ” ಎಂದೆ.

“ಯಾಕ್ರಿ ಮೇಸ್ತ್ರಿ?”

“ನಮ್ಮ ಮನಿ ಪದ್ಧತಿರಿ.” ಫೋನು ಇಟ್ಟೆ.

ಮತ್ತೆ ಬಂತು. “ಸಿಟ್ಟಾಗಬ್ಯಾಡ್ರಿ. ನೀವು ಬರಂಗಿಲ್ಲ ಅಂದ್ರ ನಮ್ಮ ಹುಡುಗ್ರು ಅದರ ಮ್ಯಾಲ ಟೈಲ್ಸ್ ಹಾಕಿಬಿಡ್ತಾರ. ನಮ್ಮ ದಾದಿ, ಅಂದ್ರ ನಮ್ಮ ಅಬ್ಬಾನ ಅಮ್ಮಿ, ಆ ಖೋಲಿ ಅಮಾನತ್, ಒಬ್ಬರು ನಂಬಿ ಬಿಟ್ಟು ಹೋಗಿದ್ದು, ಅಂತ ಹೇಳಿ ಹೋಗ್ಯಾಳ. ಹಾಸಿದ್ದು ಒಬ್ಬ ಇಟಲಿ ಸಾಬ. ಉಜ್ಜೂದು ಉಳದದ.”

ಸ್ಪೀಕರ್ ಹಾಕಿ ಮಾತಾಡುವುದು ನನ್ನ ಚಾಳಿ. ಒಳಗಿನಿಂದ ಅತ್ತೆ ಅಷ್ಟನ್ನೂ ಕೇಳಿಸಿಕೊಂಡು ಬಂದು ಎದುರಿಗೆ ನಿಂತಿದ್ದಳು. ಬೆಕ್ಕಿನ ಕಣ್ಣು ನನ್ನ ಮೇಲೆ ನೆಟ್ಟಿತ್ತು.

“ನಿಮ್ಮಪ್ಪನ ಪದ್ಧತಿ ನಿಮ್ಮಪ್ಪನ ಸಂಗಟ ಹೋತು” ಎಂದಳು. “ಈಗೇ ನಡಿ.”

ಅಂದೇ ಮಧ್ಯಾಹ್ನ ನಾನೊಬ್ಬನೇ ಹೋದೆ. ಏನಿದೆಯೋ ಏನಿಲ್ಲವೋ, ಮೊದಲು ನೋಡಿ ಬರುತ್ತೇನೆ ಎಂದು ಅತ್ತೆಯನ್ನು ಮನೆಯಲ್ಲೇ ಕೂಡಿಸಿದೆ. ಕಲ್ಯಾಣದಲ್ಲಿ ಬಸ್ಸಿನಿಂದ ಇಳಿದಾಗ ಸಿಟ್ಟು ಬಂದಿತ್ತು. ಅಪ್ಪನ ಮೇಲೆ, ಅಜ್ಜಿಯ ಮೇಲೆ, ನನ್ನ ಮೇಲೆ. ಸ್ಟ್ಯಾಂಡಿನ ಎದುರು ನಿಂತು ಬೇಕೆಂದೇ ಒಂದು ಕಪ್ಪು ಚಹಾ ಕುಡಿದೆ. ಚಹಾ ಚೆನ್ನಾಗಿತ್ತು.

ಕೋಟೆಯ ಕಡೆಯ ಹಳೇ ಓಣಿಯಲ್ಲಿ ಮನೆ. ಹೊರಗಿನ ಪಡಸಾಲೆಯ ನೆಲ ನೋಡುತ್ತಲೇ ನಾನು ಚಪ್ಪಲಿ ಬಿಟ್ಟು ಕುಕ್ಕರಗಾಲಿನಲ್ಲಿ ಕೂತೆ. ಬಿಳಿ, ಕರಿ, ಕೆಂಪು ಚೂರುಗಳು, ಒಂದರ ಮೇಲೊಂದು ಏರದಂತೆ, ಒಂದಕ್ಕೊಂದು ದೂರವಾಗದಂತೆ ಕೂತಿದ್ದವು. ಎಂಬತ್ತು ವರ್ಷದಲ್ಲಿ ಒಂದು ಕೂದಲೆಳೆಯ ಬಿರುಕಿಲ್ಲ. ಅಂಚಿನ ಪಟ್ಟಿ ತಿರುಗುವ ಕಡೆ ಮೂಲೆಗೊಂದು ಕೆಂಪು ಚೂರು ಇಡುವುದು ನಮ್ಮ ಮನೆಯ ಕೈ. ಅಪ್ಪ ಇಡುತ್ತಿದ್ದ, ನಾನೂ ಇಡುತ್ತೇನೆ. ಇಲ್ಲಿಯ ನಾಲ್ಕೂ ಮೂಲೆಯಲ್ಲಿ ಅದಿತ್ತು. ಯಾರೂ ಹೇಳುವುದು ಬೇಕಿರಲಿಲ್ಲ, ಇದು ನಮ್ಮಜ್ಜನ ನೆಲ. ಫೋನು ಮಾಡಿದ್ದ ಸಾಹೇಬರಿಗೂ ಹಾಗೆಂದೇ ಹೇಳಿದೆ.

ಆಮೇಲೆ ಸಾಹೇಬರು ಒಳಗಿನ ಖೋಲಿಯ ಬಾಗಿಲು ತೆಗೆದರು. ಇಷ್ಟು ವರ್ಷ ಅದು ಕಾಳಿನ ಚೀಲ ಇಡುವ ಖೋಲಿ. ನೆಲ ಹಾಸಿದೆ, ಮಟ್ಟಸವಾಗಲಿ ಎಂದು ಉರುಳೆ ಹೊಡೆದಿದೆ, ಉಜ್ಜಿಲ್ಲ. ಮಂಕಾಗಿ, ಒರಟಾಗಿ, ಮೇಲೆಲ್ಲ ಸಿಮೆಂಟಿನ ಪೊರೆ. ಗೋಡೆಯ ಗೂಡಿನಲ್ಲಿ ಬಟ್ಟೆ ಸುತ್ತಿದ ಗಂಟು. ಬಿಚ್ಚಿದರೆ ಮೂರು ಉಜ್ಜುಗಲ್ಲು, ಒಂದು ಕರಣೆ, ಹಿಡಿ ಸವೆದ ಸುತ್ತಿಗೆ.

“ದಾದಿ ಹೇಳತಿದ್ಲು” ಎಂದರು ಸಾಹೇಬರು. “ಈ ಖೋಲಿ ಹಾಸಿದ ಮರುದಿನ ಪೊಲೀಸರು ಮೋಟಾರ್ ತಗೊಂಡು ಬಂದ್ರಂತ. ಊಟಕ್ಕ ಕೂತಿದ್ದ ಇಟಲಿ ಸಾಬಗ ಎಬ್ಬಿಸಿ ಕರ್ಕೊಂಡು ಹೋದ್ರಂತ. ಹೋಗೂವಾಗ ಅಂವ ದಾದಿಗಿ ಎರಡು ಮಾತು ಹೇಳಿದ್ನಂತ. ನೆಲಕ್ಕ ನೀರು ಹಾಕ್ರಿ, ನಾ ಬರೂತನಕ ಒಣಗಗೊಡಬ್ಯಾಡ್ರಿ. ಇನ್ನೊಂದು, ಒಂದು ಆಡು ಸಾಕಿರ್ರಿ, ಕಡೀಕ ಹಾಲು ಬೇಕಾಗ್ತದ.”

ಆಡಿನ ಹಾಲು ಎಂದಾಗ ನಾನು ಕೈಯಲ್ಲಿದ್ದ ಕರಣೆ ಕೆಳಗಿಟ್ಟು ಅವರ ಕಡೆ ತಿರುಗಿದೆ.

“ದಾದಿ ಹೊಸಲಿಗಿ ಮಣ್ಣಿನ ಒಡ್ಡು ಹಾಕಿ, ಮುಂಜಾನಿ ಸಂಜಿ ನೀರು ನಿಲ್ಲಿಸ್ಯಾಳ. ಮಳಿಗಾಲ ಮುಗಿದು ದೀಪಾವಳಿ ಬರೂತನಕ. ಮನ್ಯಾಗ ಎಲ್ಲಾರೂ ನಕ್ಕಾರ, ಅಕಿ ಬಿಟ್ಟಿಲ್ಲ. ಆಡೂ ತಂದು ಕಟ್ಯಾಳ. ಅಂವ ಹೈದರಾಬಾದದಾಂವ ಅಂತ ತಿಳಕೊಂಡು ಹೈದರಾಬಾದಕ್ಕ ಎರಡು ಸಲ ಮಾತು ಕಳಿಸ್ಯಾರ. ಹುಮನಾಬಾದದಾಗ ಹೆಂಡ್ತಿ ಮಕ್ಕಳು ಅದಾರ ಅಂತ ಯಾರಿಗಿ ಗೊತ್ತಿತ್ರಿ? ಬ್ಯಾರೆ ಮೇಸ್ತ್ರಿ ಕಡಿಂದ ಉಜ್ಜಿಸೂನು ಅಂದ್ರ ದಾದಿ ಒಪ್ಪಿಲ್ಲ. ಅದು ಅವನ ಅಮಾನತ್, ಅಂವ ಬಂದು ಮುಗಸ್ತಾನ, ಅಂದಾಳ.”

ನಾನು ಮನೆಗೆ ಬಂದು ಒಂದು ಮಾತೂ ಬಿಡದೆ ಅತ್ತೆಗೆ ಹೇಳಿದೆ. ನನ್ನ ಕಡೆಯಿಂದ ಇನ್ನೊಂದು ಮಾತು ಸೇರಿಸಿದೆ: ಓಡಿ ಹೋಗುವ ಮನಸ್ಸಿದ್ದವನು ಹಿಂದಿನ ದಿನ ಹೊಸ ಖೋಲಿ ಹಾಸುವುದಿಲ್ಲ, ಇದ್ದಷ್ಟು ಮುಗಿಸಿ ಜಾಗ ಖಾಲಿ ಮಾಡುತ್ತಾನೆ. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ತಲೆ ಅಲ್ಲಾಡಿಸಿದಳು.

“ಅವರು ಒಳ್ಳೆ ಮಂದಿ ಇರಬೇಕು. ಮುದುಕಿ ಮನಸಿಗಿ ಸಮಾಧಾನ ಆಗಲಿ ಅಂತ ಹೇಳ್ಯಾರ. ನೀನೂ ಹಂಗೇ ಹೇಳಾಕತ್ತಿ.”

“ಇಲ್ಲ ಅತ್ತಿ, ಆಡಿನ ಹಾಲಿನ ಮಾತು ಅವರಿಗೆ ಹ್ಯಾಂಗ ಗೊತ್ತಾಗಬೇಕು?”

“ಅಂವ ಪ್ರತಿ ಮನ್ಯಾಗೂ ಹಾಲು ಕೇಳತಿದ್ದ, ಇಲ್ಲೂ ಕೇಳ್ಯಾನ. ಆಮ್ಯಾಗ ಓಡಿ ಹೋಗ್ಯಾನ. ಪೊಲೀಸರು ಬಂದಿದ್ದು ಯಾರು ನೋಡ್ಯಾರ? ಕಣ್ಣಾರೆ ಕಂಡ್ರೂ ಪರಾಂಬರಿಸಿ ನೋಡು ಅಂತಾರ, ನಾ ಕಿವೀಲೆ ಕೇಳಿ ನಂಬಲೇನು?”

ನನಗೆ ರೇಗಿತು. ಇಷ್ಟು ವರ್ಷ ಸುಳ್ಳನ್ನು ಕಿವಿಯಿಂದಲೇ ಕೇಳಿ ನಂಬಿದ್ದೀಯಲ್ಲ, ಖರೆಯನ್ನು ನಂಬಲು ಏನು ಧಾಡಿ ಎಂದು ಕೂಗಾಡಿದೆ. ಅವಳು ಶಾಂತವಾಗಿ ಎದ್ದು ತನ್ನ ಟ್ರಂಕು ತೆಗೆದು, ತಳದಿಂದ ಹಳೆಯ ಉಜ್ಜುಗಲ್ಲು ತೆಗೆದಳು. ಅವಳು ಅದನ್ನು ಎಂದೋ ಎಸೆದಿರಬೇಕು ಎಂದುಕೊಂಡಿದ್ದೆ. “ನಾಳಿಗಿ ನನಗ ಕರ್ಕೊಂಡು ನಡಿ” ಎಂದಳು.

ಮರುದಿನ ಮಷಿನ್ನು, ಸಾಮಾನು ಹೇರಿದ ಟೆಂಪೊದಲ್ಲಿ ಡ್ರೈವರಿನ ಪಕ್ಕ ಕೂತು ಅತ್ತೆ ಮೊದಲ ಸಲ ಕಲ್ಯಾಣಕ್ಕೆ ಬಂದಳು. ಸಾಹೇಬರ ಮನೆಯ ಹೆಂಗಸರು “ಬರ್ರಿ ಅಮ್ಮಾ” ಎಂದು ಕೈ ಹಿಡಿದು ಇಳಿಸಿದರು. ಶರಬತ್ತು ಕೊಟ್ಟರು, ಕುರ್ಚಿ ಹಾಕಿದರು. ಅವಳು ಕೂರಲಿಲ್ಲ. ಪಡಸಾಲೆಯ ನೆಲದ ಮೇಲೆ ಬರಿಗಾಲಿನಲ್ಲಿ ಒಂದು ಸುತ್ತು ನಡೆದಳು. ಒಳಗಿನ ಖೋಲಿಗೆ ಹೋಗಿ ಬಾಗಿಲ ಎಡಮೂಲೆಯಲ್ಲಿ ಕಾಲು ಮಡಚಿ ಕೂತು, “ನೀರು ತಾ” ಎಂದಳು.

ನೀರು ಚಿಮುಕಿಸಿ ಉಜ್ಜಲು ಶುರು ಮಾಡಿದಳು. ಮೊದಲು ಪೊರೆ ಎದ್ದು ಬೂದು ಕೆಸರಾಯಿತು. ಕೆಸರು ಸರಿಸಿ ಮತ್ತೆ ಉಜ್ಜಿದಳು. ಕಲ್ಲು ಹಿಡಿಯಲೇ ಇಲ್ಲ, ಜಾರತೊಡಗಿತು. ಅವಳ ಹುಬ್ಬು ಗಂಟಿಕ್ಕಿತು. ಕಲ್ಲು ತಿರುಗಿಸಿ ಇನ್ನೊಂದು ಮೈಯಿಂದ ಉಜ್ಜಿದಳು. ಹತ್ತು ನಿಮಿಷ ಕಳೆದರೂ ಅಂಗೈಯಗಲ ಜಾಗದಲ್ಲಿ ಚೂರುಗಳು ಆಗಷ್ಟೇ ಮುಖ ತೋರಿಸಿದ್ದವು. ಒಂದು ದಿನ, ಎರಡು ದಿನ ನೀರು ಕಂಡು ಒಣಗಿದ ನೆಲವಾಗಿದ್ದರೆ ಅಷ್ಟು ಹೊತ್ತಿಗೆ ಪುಡಿಪುಡಿಯಾಗಿ ಚೂರು ಕಿತ್ತು ಬರಬೇಕಿತ್ತು. ನಮ್ಮ ಕಸಬಿನ ಎಳೆ ಮಕ್ಕಳಿಗೂ ಅದು ಗೊತ್ತು: ನೆಲ ಎಷ್ಟು ನೀರುಣ್ಣುತ್ತದೋ ಅಷ್ಟು ಗಟ್ಟಿ.

ಅತ್ತೆ ಕಲ್ಲು ಕೆಳಗಿಟ್ಟು ಉಜ್ಜಿದ ಜಾಗದ ಮೇಲೆ ಅಂಗೈ ಊರಿದಳು. ಸಾಹೇಬರು ನನ್ನ ಮುಖ ನೋಡಿದರು, ನಾನು ಸುಮ್ಮನಿರಿ ಎಂದು ಸನ್ನೆ ಮಾಡಿದೆ.

“ಇದು ತಿಂಗಳಗಟ್ಟಲೆ ನೀರು ಕುಡದದ” ಎಂದಳು. “ಇಂಥಾ ನೆಲ ನಾ ಉಜ್ಜೇ ಇಲ್ಲ.”

“ಈಗರೆ ನಂಬತಿ ಏನು?” ಎಂದೆ.

“ಅಂಗೈ ಹುಣ್ಣಿಗಿ ಕನ್ನಡಿ ಯಾಕ?” ಎಂದು ಆ ಕೆಸರಿನ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದಳು. “ಯಾರೂ ಹೇಳಲಾರದ ಯಾವ ಹೆಣ್ಮಗಳು ತಿಂಗಳಗಟ್ಟಲೆ ಖಾಲಿ ನೆಲಕ್ಕ ನೀರು ಹಾಕ್ತಾಳ? ಓಡಿ ಹೋಗಾಂವ ನೀರು ಹಾಕ್ರಿ ಅಂತ ಹೇಳಿ ಹೋಗ್ತಾನೇನು? ಅಂವ ಬರಾಂವ ಇದ್ದ. ಬರಾಕ ಬಿಟ್ಟಿಲ್ಲ ಅವರು.”

ಅಷ್ಟು ಹೇಳಿ ಅತ್ತಳು. ಎಂಬತ್ತೈದು ವರ್ಷದ ಅಳು, ಎರಡು ವರ್ಷದ ಕೂಸಿನ ಹಾಗೆ ಬಾಯಿ ತೆರೆದು. ಸಾಹೇಬರ ಹೆಂಡತಿ ಬಂದು ಪಕ್ಕದಲ್ಲಿ ಕೂತು ಬೆನ್ನು ಸವರಿದರು. ನಾನು ಹೊರಗೆ ಹೋಗಿ ಮಷಿನ್ನಿನ ವೈರು ಬಿಡಿಸುವ ನೆಪ ಮಾಡಿದೆ. ಅಪ್ಪ ಇದನ್ನು ಕೇಳಬೇಕಿತ್ತು ಅನ್ನಿಸಿತು. ಬಸ್ಸಿನಿಂದ ಒಂದೇ ಒಂದು ಸಲ ಕೆಳಗಿಳಿದಿದ್ದರೆ ಕೇಳುತ್ತಿದ್ದ.

ಕೆಲಸ ಆರು ದಿನ ಹಿಡಿಯಿತು. ನಾನು ಮಷಿನ್ ಹಾಕಿದರೆ ಅದರ ಒರಟು ಉಜ್ಜುಗಲ್ಲುಗಳೇ ಬೆಣ್ಣೆಯ ಹಾಗೆ ಸವೆದು ಹೋದವು, ನೆಲ ಅಲ್ಲಾಡಲಿಲ್ಲ. ಬಾಗಿಲ ಎಡಮೂಲೆಯ ಒಂದು ಮೊಳ ಜಾಗಕ್ಕೆ ಮಷಿನ್ ತಾಕಿಸಲು ಅತ್ತೆ ಬಿಡಲಿಲ್ಲ. ಅದನ್ನು ದಿನಕ್ಕಿಷ್ಟು ಎಂದು ಅವಳೇ ಕೈಯಿಂದ ಉಜ್ಜಿದಳು, ಕೊನೆಗೆ ಅಜ್ಜನ ಗಂಟಿನಲ್ಲಿದ್ದ ನುಣುಪು ಕಲ್ಲಿನಿಂದ. ಆರು ದಿನವೂ ಸಾಹೇಬರ ಮನೆಯಲ್ಲೇ ಉಳಿದಳು. ಅವರ ಮನೆಯ ಹೆಂಗಸರಿಗೆ ಅಗಸಿ ಹಿಂಡಿ ಕುಟ್ಟಲು ಕಲಿಸಿದಳು, ಉಪ್ಪು ಕಡಿಮೆ ಹಾಕುತ್ತೀರಿ ಎಂದು ಬೈದಳು. ಟೈಲ್ಸ್ ಹಾಕಬೇಕೆಂದಿದ್ದ ಅವರ ಹುಡುಗರು ಪಕ್ಕಕ್ಕೆ ಬಂದು ನಿಂತು ಹೊಳೆಯುವ ನೆಲದ ಫೋಟೊ ತೆಗೆದುಕೊಂಡರು. ನಾಲ್ಕೂ ಮೂಲೆಯ ಕೆಂಪು ಚೂರು ಎದ್ದು ಕಾಣುತ್ತಿತ್ತು.

ಅವನನ್ನು ಎಲ್ಲಿಗೆ ಒಯ್ದರು, ಎಲ್ಲಿ ತೀರಿಕೊಂಡ, ನಮಗೆ ಇನ್ನೂ ಗೊತ್ತಿಲ್ಲ. ಮಗಳು ಬರೆಯುತ್ತಿದ್ದಾಳೆ, ಬರೆಯಲಿ. ಕಾಗದ ಸಿಕ್ಕರೆ ಸಂತೋಷ. ಸಿಗದಿದ್ದರೂ ನನ್ನಜ್ಜ ಎಂಥವನು ಎಂದು ಹೇಳಲು ನನಗೆ ಯಾವ ಕಚೇರಿಯ ಮುದ್ರೆಯೂ ಬೇಡ. ನೆಲ ಓದಲು ನನಗೆ ಬರುತ್ತದೆ.

ಕೊನೆಯ ದಿನ ಸಾಹೇಬರು ಎಲ್ಲಿಂದಲೋ ಒಂದು ತಂಬಿಗೆ ಆಡಿನ ಹಾಲು ತರಿಸಿದರು. ನಾನು ಅಭ್ಯಾಸದಂತೆ ಚೀಲದಿಂದ ತೆಂಗಿನಕಾಯಿ ತೆಗೆದೆ. ಅತ್ತೆ ಬೇಡ ಎಂದು ಕೈ ಮಾಡಿದಳು. “ಅಂವ ಮಾಡತಿದ್ದಂಗೇ ಆಗಲಿ.” ಹಾಲನ್ನು ತಾನೇ ಸುರಿದಳು, ಬಟ್ಟೆ ಹಿಡಿದು ಮೊಣಕಾಲೂರಿ, ಒಳಗಿನ ಗೋಡೆಯಿಂದ ಹೊಸ್ತಿಲವರೆಗೆ ತಾನೇ ಒರೆಸುತ್ತ ಬಂದಳು. ಯಾರ ಸಹಾಯವನ್ನೂ ತೆಗೆದುಕೊಳ್ಳಲಿಲ್ಲ. ಬಣ್ಣಗಳು ಒಂದೊಂದಾಗಿ ಎದ್ದು ಬಂದವು. ಹೊಸ್ತಿಲಿಗೆ ಬಂದು, ಬಟ್ಟೆ ಹಿಂಡಿ ಪಕ್ಕಕ್ಕಿಟ್ಟು, ನೆಲವನ್ನು ಎರಡು ಸಲ ಮೆತ್ತಗೆ ತಟ್ಟಿದಳು.

“ಅಪ್ಪಾ, ನೆಲ ಮುಗೀತು” ಎಂದಳು. “ಇನ್ನ ಮನಿಗಿ ನಡಿ.”

ಆ ವರ್ಷದ ಪಿತೃಪಕ್ಷದ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಒಂದು ಎಲೆ ಹೆಚ್ಚು ಹಾಕಿದೆವು. ಅತ್ತೆ ಅದನ್ನು ಅಜ್ಜಿಯ ಎಲೆಯ ಪಕ್ಕಕ್ಕೆ ಹಾಕಿ, ಎಲ್ಲರಿಗಿಂತ ಮೊದಲು ಅದಕ್ಕೇ ಬಡಿಸಿದಳು.